ಒಂದು ಕಪ್ ಅಕ್ಕಿ ಎಂದರೆ ಎಷ್ಟು ಗ್ರಾಂ? ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತಿ ಬಳಸದೆ ಹೇಳಿ, ಒಂದು ಕಪ್ ಅಕ್ಕಿಯ ತೂಕ ಎಷ್ಟು?

ಒಲೆಯ ಮೇಲೆ ನೀರಿಟ್ಟು ಕೇಳುತ್ತಿದ್ದೀರಿ ಎಂದುಕೊಂಡು ಮೊದಲು ಅಂಕಿ ಹೇಳಿಬಿಡುತ್ತೇನೆ. ಸುಮಾರು 237 ಮಿ.ಲೀ. ಹಿಡಿಯುವ ಅಮೆರಿಕದ ಕಪ್ಪಿನಲ್ಲಿ ಉದ್ದ ಕಾಳಿನ ಬಿಳಿ ಅಕ್ಕಿ ಸುಮಾರು 185 ಗ್ರಾಂ ತೂಗುತ್ತದೆ. ಮಧ್ಯಮ ಕಾಳಿನದು 195, ಗಿಡ್ಡ ಕಾಳಿನದು 200 ಗ್ರಾಂ. ನಿಮ್ಮದು 250 ಮಿ.ಲೀ. ಕಪ್ ಆಗಿದ್ದರೆ ಇವೇ ಅಂಕಿಗಳು 195, 206, 211 ಆಗುತ್ತವೆ. ರೈಸ್ ಕುಕ್ಕರ್ ಜೊತೆ ಬರುವ 180 ಮಿ.ಲೀ. ಕಪ್ ಆದರೆ 140, 148, 152.

ಎಲ್ಲವೂ ಹಸಿ ಅಕ್ಕಿಯ ತೂಕ. ಕಪ್ಪಿನ ಅಂಚಿಗೆ ಸಮನಾಗಿ ತುಂಬಿದ್ದು, ಗೋಪುರ ಕಟ್ಟಿದ್ದಲ್ಲ. ಐದು ಗ್ರಾಂ ಅತ್ತಿತ್ತ ಆದರೆ ಅನ್ನಕ್ಕೆ ಗೊತ್ತಾಗುವುದಿಲ್ಲ. ಆದರೆ ಕಪ್ಪೇ ಬೇರೆಯಾದರೆ ಖಂಡಿತ ಗೊತ್ತಾಗುತ್ತದೆ.

ಕಪ್ ಎಂದರೆ ಕಪ್ ಅಲ್ಲವೇ? ಇಷ್ಟೊಂದು ಬಗೆ ಏಕೆ?

ದೇಶಕ್ಕೊಂದು ಕಪ್ ಇರುವುದರಿಂದ. ಅಮೆರಿಕದ ಅಡುಗೆ ಕಪ್ 236.6 ಮಿ.ಲೀ.; ಅದೇ ದೇಶದ ಆಹಾರ ಪೊಟ್ಟಣಗಳ ಪೋಷಕಾಂಶ ಪಟ್ಟಿಯಲ್ಲಿ ಮಾತ್ರ ಕಪ್ ಎಂದರೆ ದುಂಡಾಗಿ 240. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕಪ್ 250 ಮಿ.ಲೀ. ಜಪಾನಿನ ಅಡುಗೆ ಕಪ್ 200 ಮಿ.ಲೀ., ಆದರೆ ಅದೇ ಜಪಾನಿನಲ್ಲಿ ಅಕ್ಕಿ ಅಳೆಯುವುದು 'ಗೋ' ಎಂಬ ಹಳೆಯ ಅಳತೆಯಲ್ಲಿ, ಸುಮಾರು 180 ಮಿ.ಲೀ. ಬ್ರಿಟನ್ನಿನ ಹಳೆಯ ಪಾಕವಿಧಾನಗಳಲ್ಲಿ ಅರ್ಧ ಪಿಂಟಿನ ಕಪ್ ಬಂದರೆ ಅದು 284 ಮಿ.ಲೀ.

180ರಿಂದ 284 ಎಂದರೆ ಒಂದೂವರೆ ಪಟ್ಟಿಗೂ ಮೇಲೆ. ಯಾವ ಅಕ್ಕಿ ಎಂಬ ಪ್ರಶ್ನೆಯಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ಶೇಕಡ ಎಂಟು. ಅಕ್ಕಿಯ ಜಾತಿಯ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಮೊದಲು ಕಪ್ಪನ್ನು ಬೋರಲು ಮಾಡಿ ತಳದಲ್ಲಿ ಏನು ಬರೆದಿದೆ ಎಂದು ನೋಡುವುದು ಒಳ್ಳೆಯದು. ಚಹಾ ಕುಡಿಯುವ ಕಪ್ಪು, ನೀರಿನ ಲೋಟ ಇವು ಯಾವ ಲೆಕ್ಕಕ್ಕೂ ಸೇರಿದವಲ್ಲ. ಅವುಗಳಲ್ಲಿ ಅಳೆಯಬಾರದು ಎಂದಲ್ಲ, ಅವು ಎಷ್ಟು ಹಿಡಿಯುತ್ತವೆ ಎಂದು ಒಮ್ಮೆ ನೀರು ಸುರಿದು ನೋಡಿಕೊಂಡಿರಬೇಕು.

ರೈಸ್ ಕುಕ್ಕರ್‌ನ ಕಪ್ಪಿನಲ್ಲಿ ಅಳೆದರೆ ಅನ್ನ ಮುದ್ದೆಯಾಗುತ್ತಿದೆ. ಏಕೆ?

ನಾನೂ ಮಾಡಿಕೊಂಡ ಎಡವಟ್ಟು ಇದು, ಅದೂ ನೆಂಟರು ಬಂದ ದಿನ. ಪಾಕವಿಧಾನದಲ್ಲಿ ಎರಡು ಕಪ್ ಅಕ್ಕಿಗೆ ಮೂರು ಕಪ್ ನೀರು ಎಂದಿತ್ತು. ಅಕ್ಕಿಯನ್ನು ಕುಕ್ಕರ್ ಜೊತೆ ಬಂದ ಪ್ಲಾಸ್ಟಿಕ್ ಕಪ್ಪಿನಲ್ಲಿ ಅಳೆದೆ. ನೀರನ್ನು ಕೈಗೆ ಸಿಕ್ಕ 240 ಮಿ.ಲೀ. ಗಾಜಿನ ಕಪ್ಪಿನಲ್ಲಿ. ಅಕ್ಕಿ 360 ಮಿ.ಲೀ. ಆಯಿತು, ನೀರು 720. ಒಂದಕ್ಕೆ ಒಂದೂವರೆ ಇರಬೇಕಿದ್ದದ್ದು ಒಂದಕ್ಕೆ ಎರಡಾಯಿತು. ಅಗುಳು ಅಗುಳಾಗಿ ಉದುರಬೇಕಿದ್ದ ಅನ್ನ ಸೌಟಿಗೆ ಅಂಟಿಕೊಂಡು ಬಂತು.

ಕುಕ್ಕರ್‌ನ ಕಪ್ಪಿನಲ್ಲಿ ದೋಷವಿಲ್ಲ. ಅದು ಒಂದು 'ಗೋ' ಅಳತೆಯ ಕಪ್. ಸಾಮಾನ್ಯವಾಗಿ ಕುಕ್ಕರ್‌ನ ಒಳಪಾತ್ರೆಯ ಮೇಲಿರುವ 1, 2, 3 ಎಂಬ ಗೆರೆಗಳು ಅದೇ ಕಪ್ಪಿನ ಲೆಕ್ಕದವು. ಆ ಕಪ್ಪಿನಲ್ಲಿ ಎರಡು ಸಲ ಅಕ್ಕಿ ಹಾಕಿದರೆ ಎರಡರ ಗೆರೆಯವರೆಗೆ ನೀರು. ಒಂದು ಕಪ್ಪಿನ ಅಕ್ಕಿಗೆ ಇನ್ನೊಂದು ಕಪ್ಪಿನ ನೀರು ಬೆರೆಸಿದಾಗಲೇ ಕೆಡುವುದು.

ನೀರಿಗೆ ಒಂದು ಮಿ.ಲೀ. ಎಂದರೆ ಒಂದು ಗ್ರಾಂ. ಅಕ್ಕಿಗೆ ಹಾಗೇಕಿಲ್ಲ?

ಅಕ್ಕಿ ಅಳೆಯುವಾಗ ನಾವು ಗಾಳಿಯನ್ನೂ ಅಳೆಯುತ್ತೇವೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ: 240 ಮಿ.ಲೀ. ಕಪ್ಪಿನ ತುಂಬ ಅಕ್ಕಿ ಹಾಕಿ ಅಂಚಿಗೆ ಸಮ ಮಾಡಿ. ಇನ್ನೊಂದು ಅಳತೆಯ ಪಾತ್ರೆಯಿಂದ ಅದರೊಳಗೆ ನಿಧಾನವಾಗಿ ನೀರು ಸುರಿಯಿರಿ. ತುಂಬಿದ ಕಪ್ಪಿಗೆ ನೀರೆಲ್ಲಿ ಹಿಡಿಯುತ್ತದೆ ಎನಿಸುತ್ತದೆ, ಆದರೆ ಗುಳುಗುಳು ಎಂದು ಗುಳ್ಳೆ ಬಿಡುತ್ತ ನೂರು ಮಿ.ಲೀ.ಗೂ ಹೆಚ್ಚು ನೀರು ಇಳಿಯುತ್ತದೆ. ಅಷ್ಟೂ ಕಾಳುಗಳ ನಡುವಿನ ಸಂದು. (ಬೇಗ ಮುಗಿಸಿ, ತಡವಾದರೆ ಕಾಳು ನೀರು ಕುಡಿಯಲು ಶುರು ಮಾಡಿ ಲೆಕ್ಕ ತಪ್ಪುತ್ತದೆ.)

ಅಕ್ಕಿಕಾಳು ನೀರಿಗಿಂತ ಭಾರ, ಅದಕ್ಕೇ ಮುಳುಗುತ್ತದೆ. ಕಾಳಿನ ಸಾಂದ್ರತೆ ಮಿ.ಲೀ.ಗೆ ಸುಮಾರು 1.45 ಗ್ರಾಂ. ಆದರೆ ರಾಶಿಯಲ್ಲಿ ಅರ್ಧದ ಹತ್ತಿರ ಗಾಳಿಯೇ ಇರುವುದರಿಂದ ರಾಶಿಯ ಸಾಂದ್ರತೆ 0.78ರಿಂದ 0.85ಕ್ಕೆ ಇಳಿಯುತ್ತದೆ. ಉದ್ದ ಕಾಳುಗಳು ಅಡ್ಡಾದಿಡ್ಡಿ ಬಿದ್ದು ಸಂದು ಹೆಚ್ಚು ಬಿಡುತ್ತವೆ, ಹಾಗಾಗಿ 0.78. ದುಂಡನೆಯ ಗಿಡ್ಡ ಕಾಳುಗಳು ಒತ್ತೊತ್ತಾಗಿ ಕೂರುತ್ತವೆ, ಹಾಗಾಗಿ 0.85ರ ಹತ್ತಿರ. ಪಾತ್ರೆಯ ಮಿ.ಲೀ. ಅನ್ನು ಈ ಸಂಖ್ಯೆಯಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಬಾಯಿಲೆಕ್ಕಕ್ಕೆ 0.8 ಸಾಕು: ಅರ್ಧ ಲೀಟರ್ ಪಾತ್ರೆ ತುಂಬ ಅಕ್ಕಿ ಎಂದರೆ ಸುಮಾರು 400 ಗ್ರಾಂ.

ಒಂದೇ ಕಪ್, ಒಂದೇ ಅಕ್ಕಿ. ಆದರೂ ಪ್ರತಿ ಸಲ ತೂಕ ಬೇರೆ ಬರುತ್ತದಲ್ಲ?

ಬರಲೇಬೇಕು. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಅಕ್ಕಿಯ ತೂಕ ತಿಳಿಯಲು ಒಂದು ಕಪ್ ಸಾಲದು. ಡಬ್ಬಿಯೊಳಗೆ ಕಪ್ ಅದ್ದಿ ಮೊಗೆದರೆ ಒಂದು ತೂಕ, ಮೇಲಿನಿಂದ ಸಣ್ಣಗೆ ಸುರಿದರೆ ಇನ್ನೊಂದು. ತುಂಬಿದ ಕಪ್ಪನ್ನು ಕಟ್ಟೆಗೆ ನಾಲ್ಕು ಸಲ ಕುಟ್ಟಿ ನೋಡಿ, ಅಕ್ಕಿ ಅಂಚಿನಿಂದ ಕೆಳಗಿಳಿಯುತ್ತದೆ. ಆ ಖಾಲಿ ಜಾಗವನ್ನೂ ತುಂಬಿದರೆ ಹತ್ತಾರು ಗ್ರಾಂ ಹೆಚ್ಚಾಗುತ್ತದೆ. ನುಚ್ಚು ಬೆರೆತ ಅಕ್ಕಿಯಲ್ಲಿ ಚೂರುಗಳು ಸಂದಿಗೆ ಸೇರಿಕೊಂಡು ತೂಕ ಏರಿಸುತ್ತವೆ. ಕಿರಿದಾದ ಎತ್ತರದ ಲೋಟದ ಗೋಡೆಯ ಪಕ್ಕದಲ್ಲಿ ಉದ್ದ ಕಾಳು ಸರಿಯಾಗಿ ಒತ್ತಿ ಕೂರುವುದಿಲ್ಲ, ಅಲ್ಲಿ ತೂಕ ಇಳಿಯುತ್ತದೆ.

ಆದ್ದರಿಂದ ಯಾರಾದರೂ '1 ಕಪ್ = 187.4 ಗ್ರಾಂ' ಎಂದು ದಶಮಾಂಶ ಸಮೇತ ಹೇಳಿದರೆ ಆ ದಶಮಾಂಶವನ್ನು ಕೇಳಿಸಿಕೊಳ್ಳಬೇಡಿ.

ಹಾಗಾದರೆ ನನ್ನ ಕಪ್ಪಿನ ಲೆಕ್ಕವನ್ನು ನಾನೇ ಕಂಡುಕೊಳ್ಳುವುದು ಹೇಗೆ?

ಹತ್ತು ನಿಮಿಷದ ಕೆಲಸ. ಖಾಲಿ ಕಪ್ಪನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನೀವು ದಿನವೂ ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿ, ಚಾಕುವಿನ ಬೆನ್ನಿನಿಂದ ಅಂಚಿಗೆ ಸಮ ಮಾಡಿ ತೂಗಿ. ಅಕ್ಕಿಯನ್ನು ವಾಪಸ್ ಡಬ್ಬಿಗೆ ಸುರಿದು ಮತ್ತೆ ಮಾಡಿ, ಇನ್ನೊಮ್ಮೆ ಮಾಡಿ. 183, 189, 186 ಎಂದು ಬಂತೆನ್ನಿ, ಸರಾಸರಿ 186. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಬೇರೆ ಬಗೆಯ ಅಕ್ಕಿ ತಂದ ದಿನ ಚೀಟಿ ಬದಲಿಸಿ.

'ದಿನವೂ ತುಂಬುವ ಹಾಗೆಯೇ' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪರೀಕ್ಷೆಯ ದಿನ ಮಾತ್ರ ನಾಜೂಕಾಗಿ ಸುರಿದು ಮರುದಿನದಿಂದ ಬಾಚಿ ಮೊಗೆಯುವುದಾದರೆ ಆ ಚೀಟಿ ನಿಮ್ಮ ಕಪ್ಪಿನದಲ್ಲ.

ಮನೆಯಲ್ಲಿ ತಕ್ಕಡಿಯೇ ಇಲ್ಲ. ಏನು ಮಾಡಲಿ?

ಒಂದು ಕಿಲೋ ಎಂದು ಮುದ್ರಿಸಿರುವ, ಇನ್ನೂ ಒಡೆಯದ ಅಕ್ಕಿ ಪೊಟ್ಟಣ ಇದೆಯೇ? ಅದೇ ನಿಮ್ಮ ತೂಕದ ಬಟ್ಟು. ಪೊಟ್ಟಣ ಒಡೆದು ನಿಮ್ಮ ಕಪ್ಪಿನಲ್ಲಿ ಅಳೆದು ಅಳೆದು ಡಬ್ಬಿಗೆ ಹಾಕಿ, ಎಣಿಸಿ. ಐದು ಕಪ್ ತುಂಬಿ ಆರನೆಯದು ಅರ್ಧಕ್ಕೆ ಸ್ವಲ್ಪ ಕಡಿಮೆ ಬಂದರೆ 5.4 ಕಪ್ ಎಂದಿಟ್ಟುಕೊಳ್ಳಿ. ಸಾವಿರವನ್ನು 5.4ರಿಂದ ಭಾಗಿಸಿದರೆ 185. ಒಂದೇ ಸಲ ತೂಗಿದ್ದಕ್ಕಿಂತ ಇದರ ಸರಾಸರಿಯೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಐದು ಸಲ ತುಂಬಿದ ಏರುಪೇರು ಅದರಲ್ಲಿ ಹಂಚಿಹೋಗಿರುತ್ತದೆ.

ಕುಚ್ಚಲಕ್ಕಿ, ಕಂದು ಅಕ್ಕಿ, ಬಾಸ್ಮತಿಗೆ ಬೇರೆ ಅಂಕಿ ಬೇಕೇ?

ಬೇಕು ಎನ್ನುವಷ್ಟು ದೊಡ್ಡ ವ್ಯತ್ಯಾಸವಿಲ್ಲ. ಅಮೆರಿಕದ ಕಪ್ಪಿನ ಲೆಕ್ಕದಲ್ಲಿ ಇವೆಲ್ಲ 180ರಿಂದ 190 ಗ್ರಾಂ ಒಳಗೆ ಬರುತ್ತವೆ. ಎರಡು ಮಾತ್ರ ಗುಂಪಿಗೆ ಸೇರುವುದಿಲ್ಲ. ವೈಲ್ಡ್ ರೈಸ್ ಎಂದು ಮಾರುವ ಕಪ್ಪು ಕಡ್ಡಿಯಂಥ ಕಾಳು ಬೇರೆಯದೇ ಹುಲ್ಲಿನ ಬೀಜ, ಭತ್ತದ್ದಲ್ಲ. ಅದು ಕಪ್ಪಿಗೆ 160 ಗ್ರಾಂ. ಮೊದಲೇ ಬೇಯಿಸಿ ಒಣಗಿಸಿದ ದಿಢೀರ್ ಅಕ್ಕಿ ಒಳಗೆಲ್ಲ ಟೊಳ್ಳು, ಕಪ್ಪಿಗೆ 95 ಗ್ರಾಂ ಆಸುಪಾಸು. ಅದನ್ನು ಮಾಮೂಲಿ ಅಕ್ಕಿಯ ಅಂಕಿಯಲ್ಲಿ ಅಳೆದರೆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ.

ಚಮಚದ ಅಳತೆ?

15 ಮಿ.ಲೀ. ದೊಡ್ಡ ಚಮಚ ಸಮನಾಗಿ ತುಂಬಿದರೆ 12 ಗ್ರಾಂ, 5 ಮಿ.ಲೀ. ಸಣ್ಣ ಚಮಚ 4 ಗ್ರಾಂ. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿ.ಲೀ., ಅದರಲ್ಲಿ 16 ಗ್ರಾಂ. ಆದರೆ ಚಮಚದ ಮೇಲೆ ಅಕ್ಕಿ ಗೋಪುರವಾಗಿ ನಿಲ್ಲುವುದೇ ಹೆಚ್ಚು, ಹಾಗಾಗಿ ನಾಲ್ಕು ಚಮಚಕ್ಕಿಂತ ಹೆಚ್ಚು ಬೇಕಾದಾಗ ಕಾಲು ಕಪ್ ತೆಗೆದುಕೊಳ್ಳಿ.

8 ಔನ್ಸ್ ಕಪ್ ಎಂದರೆ 8 ಔನ್ಸ್ ಅಕ್ಕಿ ಅಲ್ಲವೇ?

ಅಲ್ಲ. ಔನ್ಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಅಳತೆಗಳಿವೆ. ದ್ರವದ ಔನ್ಸ್ ಜಾಗದ ಅಳತೆ, ಅಮೆರಿಕದ್ದು 29.57 ಮಿ.ಲೀ. ತೂಕದ ಔನ್ಸ್ 28.35 ಗ್ರಾಂ. ಕಪ್ಪಿನ ಮೇಲೆ ಬರೆದಿರುವುದು ಮೊದಲನೆಯದು, ಅಕ್ಕಿ ಪೊಟ್ಟಣದ ಮೇಲೆ ಬರೆದಿರುವುದು ಎರಡನೆಯದು. 8 ದ್ರವ ಔನ್ಸ್ ಕಪ್ಪಿನಲ್ಲಿ ಉದ್ದ ಕಾಳಿನ ಅಕ್ಕಿ ಸುಮಾರು ಆರೂವರೆ ಔನ್ಸ್ ಮಾತ್ರ ತೂಗುತ್ತದೆ. ಒಂದು ಪೌಂಡ್, ಅಂದರೆ 454 ಗ್ರಾಂ ಅಕ್ಕಿ, ಎರಡು ಕಪ್ ಆಗುವುದಿಲ್ಲ. ಎರಡೂವರೆಗೆ ತುಸು ಕಡಿಮೆ ಆಗುತ್ತದೆ.

ತೊಳೆದ ಮೇಲೆ ಅಥವಾ ನೆನೆಸಿದ ಮೇಲೆ ತೂಗಿದರೆ?

ಪಾಕವಿಧಾನದಲ್ಲಿ ಬೇರೆ ಹೇಳಿಲ್ಲದಿದ್ದರೆ ತೂಕ ಎಂದರೆ ಒಣ ಅಕ್ಕಿಯದು. ಅರ್ಧ ಗಂಟೆ ನೆನೆದ ಬಿಳಿ ಅಕ್ಕಿ ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಆಗಲೇ ಒಳಗೆಳೆದುಕೊಂಡಿರುತ್ತದೆ. ಈ ನೀರನ್ನು ಮರೆತು ಮತ್ತೆ ಪೂರ್ತಿ ಅಳತೆ ಸುರಿಯುವವರೇ 'ನೆನೆಸಿದರೆ ಅನ್ನ ಮೆತ್ತಗಾಗುತ್ತದೆ' ಎಂದು ದೂರುವುದು.

ತಕ್ಕಡಿ ಇದ್ದರೆ ಇದಕ್ಕೆ ಚೊಕ್ಕ ಪರಿಹಾರವಿದೆ. 300 ಗ್ರಾಂ ಒಣ ಅಕ್ಕಿ ತೂಗಿ, ತೊಳೆದು, ನೆನೆಸಿ, ಜರಡಿಯಲ್ಲಿ ಬಸಿದು ಮತ್ತೆ ತೂಗಿ. 372 ಬಂತು ಎಂದುಕೊಳ್ಳಿ. ಅಲ್ಲಿಗೆ 72 ಗ್ರಾಂ ನೀರು ಆಗಲೇ ಸೇರಿದೆ. ಒಟ್ಟು 450 ಮಿ.ಲೀ. ನೀರು ಬೇಕಿದ್ದರೆ ಇನ್ನು 378 ಹಾಕಿದರೆ ಸಾಕು.

ನೀರನ್ನೂ ತೂಕದ ಲೆಕ್ಕದಲ್ಲಿ ಹಾಕಬಹುದೇ? ಒಂದಕ್ಕೆ ಎರಡು ಎಂದರೆ ಎರಡರಷ್ಟೇ ತೂಕ ತಾನೇ?

ಹಾಕಬಹುದು, ಆದರೆ 'ತಾನೇ' ಎಂದಿರಲ್ಲ, ಅಲ್ಲೇ ಇದೆ ಗುಂಡಿ. ಒಂದು ಕಪ್ ಅಕ್ಕಿಗೆ ಎರಡು ಕಪ್ ನೀರು ಎಂಬುದನ್ನು ತೂಕಕ್ಕೆ ತಂದರೆ 185 ಗ್ರಾಂ ಅಕ್ಕಿಗೆ 473 ಗ್ರಾಂ ನೀರು. ಎರಡು ಪಟ್ಟಲ್ಲ, ಎರಡೂವರೆ ಪಟ್ಟಿಗೂ ತುಸು ಹೆಚ್ಚು. 185ಕ್ಕೆ ಎರಡರಷ್ಟು ಎಂದು 370 ಹಾಕಿದರೆ ನೂರು ಮಿ.ಲೀ. ನೀರು ಕಡಿಮೆಯಾಗಿ ಅಗುಳಿನ ನಡುವೆ ಸುಣ್ಣದ ಚುಕ್ಕೆಯಂತೆ ಬೇಯದ ಭಾಗ ಉಳಿಯಬಹುದು. ಉದ್ದ ಕಾಳಿಗೆ ಕಪ್ಪಿನ ಅನುಪಾತವನ್ನು ತೂಕದ ಅನುಪಾತ ಮಾಡಲು 1.28ರಿಂದ ಗುಣಿಸಿ, ಗಿಡ್ಡ ಕಾಳಿಗೆ 1.18 ಸಾಕು.

ಇಲ್ಲೊಂದು ಮಾತು ಕಪ್ಪಿನ ಪರವಾಗಿ ಹೇಳಬೇಕು. ಅಕ್ಕಿಯನ್ನೂ ನೀರನ್ನೂ ಒಂದೇ ಲೋಟದಲ್ಲಿ ಅಳೆಯುವವರಿಗೆ ಆ ಲೋಟ ಎಷ್ಟು ಮಿ.ಲೀ. ಎಂಬುದು ಗೊತ್ತಿರಬೇಕಾಗಿಲ್ಲ. ಲೋಟ ದೊಡ್ಡದಾದರೆ ಎರಡೂ ದೊಡ್ಡದಾಗುತ್ತವೆ, ಅನುಪಾತ ಹಾಗೆಯೇ ಉಳಿಯುತ್ತದೆ. ದಿನದ ಅನ್ನಕ್ಕೆ ತಕ್ಕಡಿ ತೆಗೆಯುವವರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ. ತೂಕ ಬೇಕಾಗುವುದು ಬೇರೆಯವರ ಕಪ್ಪಿನಲ್ಲಿ ಬರೆದ ಪಾಕವಿಧಾನವನ್ನು ನಮ್ಮ ಅಡುಗೆಮನೆಗೆ ತರುವಾಗ, ಪ್ರಮಾಣ ಹೆಚ್ಚಿಸುವಾಗ, ಹಿಟ್ಟಿನ ವಿಷಯದಲ್ಲಿ, ಮತ್ತು ತಟ್ಟೆಯಲ್ಲಿರುವ ಅನ್ನದ ಲೆಕ್ಕ ಇಡಬೇಕಾದವರಿಗೆ.

ಪ್ರಮಾಣ ನಾಲ್ಕು ಪಟ್ಟು ಮಾಡಿದೆ, ನೀರನ್ನೂ ನಾಲ್ಕು ಪಟ್ಟು ಮಾಡಿದೆ. ಅನ್ನ ಗಂಜಿಯಾಯಿತು. ತೂಕ ತಪ್ಪಿತೇ?

ತೂಕ ತಪ್ಪಲಿಲ್ಲ. ಪಾತ್ರೆಗೆ ಹಾಕಿದ ನೀರು ಎರಡು ಕಡೆ ಹೋಗುತ್ತದೆ: ಒಂದು ಪಾಲು ಅಕ್ಕಿಯೊಳಗೆ, ಒಂದು ಪಾಲು ಹಬೆಯಾಗಿ ಹೊರಗೆ. ಅಕ್ಕಿ ನಾಲ್ಕು ಪಟ್ಟಾದರೆ ಮೊದಲನೆಯ ಪಾಲು ನಾಲ್ಕು ಪಟ್ಟಾಗುತ್ತದೆ. ಹಬೆಯ ಪಾಲು ಹಾಗೆ ಬೆಳೆಯುವುದಿಲ್ಲ. ಅದು ಪಾತ್ರೆಯ ಬಾಯಿ, ಮುಚ್ಚಳದ ಬಿಗಿ, ಬೇಯುವ ಸಮಯವನ್ನು ಅವಲಂಬಿಸಿರುತ್ತದೆ.

ಬಿಳಿ ಅಕ್ಕಿ ಹೆಚ್ಚುಕಡಿಮೆ ತನ್ನಷ್ಟೇ ಅಳತೆಯ ನೀರು ಹೀರುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಪ್ಪಿಗೆ ಒಂದೂವರೆ ಹಾಕುತ್ತಿದ್ದರೆ ಅದರಲ್ಲಿ ಅರ್ಧ ಕಪ್ ಹಬೆಯ ಪಾಲು. ನಾಲ್ಕು ಕಪ್ಪಿಗೆ ಆರು ಕಪ್ ಹಾಕಬೇಕಿಲ್ಲ, ನಾಲ್ಕೂವರೆಯ ಆಸುಪಾಸು ಸಾಕಾಗುತ್ತದೆ. ಗ್ರಾಂ ಲೆಕ್ಕದಲ್ಲಿ 740 ಗ್ರಾಂ ಅಕ್ಕಿಗೆ ಸುಮಾರು 1,065 ಗ್ರಾಂ ನೀರು. ಪಾತ್ರೆ ಅಗಲವಾಗಿದ್ದರೆ, ಮುಚ್ಚಳ ಸಡಿಲವಾಗಿದ್ದರೆ ಇನ್ನಷ್ಟು. ಕಂದು ಅಕ್ಕಿ ಹೆಚ್ಚು ಹೊತ್ತು ಬೇಯುವುದರಿಂದ ಹಬೆಯ ಪಾಲೂ ಹೆಚ್ಚು.

100 ಗ್ರಾಂ ಅಕ್ಕಿಯೂ 100 ಗ್ರಾಂ ಅನ್ನವೂ ಒಂದೇ ಅಲ್ಲವೇ?

ಕ್ಯಾಲೊರಿ ಎಣಿಸುವವರು, ಮಧುಮೇಹದ ಕಾರಣಕ್ಕೆ ಕಾರ್ಬೋಹೈಡ್ರೇಟ್ ಲೆಕ್ಕ ಇಡುವವರು ಎಡವುವುದೇ ಇಲ್ಲಿ. 100 ಗ್ರಾಂ ಹಸಿ ಬಿಳಿ ಅಕ್ಕಿಯಲ್ಲಿ ಸುಮಾರು 365 ಕಿಲೋಕ್ಯಾಲೊರಿ, 80 ಗ್ರಾಂ ಕಾರ್ಬೋಹೈಡ್ರೇಟ್. 100 ಗ್ರಾಂ ಅನ್ನದಲ್ಲಿ ಸುಮಾರು 130 ಕಿಲೋಕ್ಯಾಲೊರಿ, 28 ಗ್ರಾಂ ಕಾರ್ಬೋಹೈಡ್ರೇಟ್. ಬೇಯಿಸಿದ್ದರಿಂದ ಏನೂ ಮಾಯವಾಗಿಲ್ಲ, ನೀರು ಸೇರಿ ತೂಕ ಹೆಚ್ಚಾಗಿದೆ ಅಷ್ಟೆ.

ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು ನೀವು ಹಾಕುವ ನೀರಿನ ಮೇಲೆ ನಿಂತಿದೆ. ಉದುರು ಅನ್ನ ಎರಡೂಕಾಲು ಪಟ್ಟು ಆಗಬಹುದು, ಮೆತ್ತನೆಯದು ಮೂರು ಪಟ್ಟು. ಹಾಗಾಗಿ ಪರರ ಪಟ್ಟಿ ನೋಡುವ ಬದಲು ನಿಮ್ಮ ಪಾತ್ರೆಯನ್ನೇ ತೂಗಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಡಿ. 300 ಗ್ರಾಂ ಅಕ್ಕಿ ಬೆಂದು 810 ಗ್ರಾಂ ಅನ್ನವಾದರೆ ನಿಮ್ಮ ಅಂಶ 2.7. ತಟ್ಟೆಗೆ 180 ಗ್ರಾಂ ಬಡಿಸಿಕೊಂಡರೆ ಅದನ್ನು 2.7ರಿಂದ ಭಾಗಿಸಿ: 67 ಗ್ರಾಂ ಅಕ್ಕಿ, ಸುಮಾರು 243 ಕಿಲೋಕ್ಯಾಲೊರಿ.

ಅನ್ನವನ್ನೇ ಕಪ್ಪಿನಲ್ಲಿ ಅಳೆದರೆ?

ಅಮೆರಿಕದ ಕಪ್ಪಿನಲ್ಲಿ ಉದ್ದ ಕಾಳಿನ ಅನ್ನ 158 ಗ್ರಾಂ, ಮಧ್ಯಮ ಮತ್ತು ಗಿಡ್ಡ ಕಾಳಿನದು 186 ಗ್ರಾಂ. ಅದುಮಿದರೆ ಈ ಅಂಕಿಗಳಿಗೆ ಬೆಲೆಯಿಲ್ಲ, ಅನ್ನವನ್ನು ಅದುಮದೆ ಕಪ್ಪಿಗೆ ಹಾಕುವವರನ್ನು ನಾನು ನೋಡಿಲ್ಲ.

ಅಕ್ಕಿ ಹಿಟ್ಟಿಗೂ ಅಕ್ಕಿಯ ಅಂಕಿಯೇ ನಡೆಯುತ್ತದೆಯೇ?

ನಡೆಯುವುದಿಲ್ಲ. ಹಿಟ್ಟು ಕಪ್ಪಿಗೆ ಸುಮಾರು 158 ಗ್ರಾಂ, ಅದೂ ಒಂದು ಅಂದಾಜು. ಕಾಳು ಎಷ್ಟು ಕುಟ್ಟಿದರೂ ಒಂದು ಹಂತಕ್ಕೆ ನಿಲ್ಲುತ್ತದೆ. ಹಿಟ್ಟು ಜರಡಿ ಹಿಡಿದಾಗ ಉಬ್ಬುತ್ತದೆ, ಡಬ್ಬಿಯ ತಳದಲ್ಲಿ ಗಟ್ಟಿ ಕೂರುತ್ತದೆ, ಕಪ್ಪಿನಲ್ಲಿ ಒತ್ತಿದರೆ ಇನ್ನೂ ಇಳಿಯುತ್ತದೆ. ಅಕ್ಕಿಗೆ ಕಪ್ ಸಾಕು ಎಂದು ವಾದಿಸುವ ನಾನೂ ಹಿಟ್ಟಿಗೆ ತಕ್ಕಡಿಯನ್ನೇ ತೆಗೆಯುತ್ತೇನೆ.

ಹಳೆಯ ಅಕ್ಕಿ, ಹೊಸ ಅಕ್ಕಿ ಎಂಬುದು ತೂಕಕ್ಕೆ ಸಂಬಂಧಿಸಿದೆಯೇ?

ಸ್ವಲ್ಪ. ಒಣ ಅಕ್ಕಿ ಎನ್ನುತ್ತೇವಾದರೂ ಅದರಲ್ಲಿ ಸಾಮಾನ್ಯವಾಗಿ ಶೇಕಡ 12ರಿಂದ 14 ತೇವಾಂಶ ಇರುತ್ತದೆ. ಕಾಲ ಕಳೆದಂತೆ ಅದು ಒಂದೆರಡು ಅಂಶ ಇಳಿಯಬಹುದು. ಕಪ್ಪಿನ ತೂಕದಲ್ಲಿ ಇದು ಎರಡು ಮೂರು ಗ್ರಾಂ ವಿಷಯ, ಮರೆತುಬಿಡಿ. ಬೇಯಿಸುವಾಗ ಮಾತ್ರ ಹಳೆಯ ಅಕ್ಕಿ ಹೆಚ್ಚು ನೀರು ಕೇಳುತ್ತದೆ, ಅಗುಳೂ ಬಿಡಿ ಬಿಡಿಯಾಗುತ್ತದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಎಷ್ಟು ನಂಬಬಹುದು?

ಕಪ್ಪಿಗಿಂತ ಹೆಚ್ಚು. ಪರೀಕ್ಷಿಸಬೇಕೆನಿಸಿದರೆ ಅಳತೆಯ ಪಾತ್ರೆಯಲ್ಲಿ 500 ಮಿ.ಲೀ. ನೀರು ತೂಗಿ, 500 ಗ್ರಾಂ ಹತ್ತಿರ ಬರಬೇಕು. ಬಾರದಿದ್ದರೆ ತಕ್ಕಡಿಯನ್ನು ಬೈಯುವ ಮೊದಲು ಪಾತ್ರೆಯ ಗೆರೆಯನ್ನೂ ಅನುಮಾನಿಸಿ. ಇನ್ನೊಂದು ಸೂಕ್ಷ್ಮ: ಕೆಲವು ತಕ್ಕಡಿಗಳು ತೀರಾ ಸಣ್ಣ ಬದಲಾವಣೆಯನ್ನು ಗಾಳಿಯ ಅಲುಗಾಟ ಎಂದುಕೊಂಡು ನುಂಗಿಬಿಡುತ್ತವೆ. ನಾಲ್ಕು ನಾಲ್ಕು ಕಾಳು ಉದುರಿಸುತ್ತಾ ಹೋದರೆ ಅಂಕಿ ಏರುವುದೇ ಇಲ್ಲ. ಅಂಥಲ್ಲಿ ಬಟ್ಟಲನ್ನು ಎತ್ತಿ ಮತ್ತೆ ಇಡಿ, ನಿಜವಾದ ತೂಕ ಕಾಣುತ್ತದೆ.

ಕುಕ್ಕರ್‌ನ ಕಪ್ ಕಳೆದುಹೋಗಿದೆ. ಒಳಪಾತ್ರೆಯ ಗೆರೆಗಳು ಇನ್ನು ವ್ಯರ್ಥವೇ?

ವ್ಯರ್ಥವಾಗಿಲ್ಲ. ಗೆರೆಯ ಪ್ರತಿ ಸಂಖ್ಯೆಗೂ 150 ಗ್ರಾಂ ಗಿಡ್ಡ ಕಾಳಿನ ಅಕ್ಕಿ ಅಥವಾ 140 ಗ್ರಾಂ ಉದ್ದ ಕಾಳಿನದು ತೂಗಿ ಹಾಕಿ, ಆ ಗೆರೆಯವರೆಗೆ ನೀರು ಬಿಡಿ. ತಕ್ಕಡಿ ಇಲ್ಲದಿದ್ದರೆ 240 ಮಿ.ಲೀ. ಕಪ್ಪಿನ ಮುಕ್ಕಾಲು ಭಾಗ ಸರಿಯಾಗಿ 180 ಮಿ.ಲೀ.